ಇಂದಿನ ಧಮ್ಮ ಚಿಂತನೆ: ಹಾವು, ಮಂತ್ರ ಮತ್ತು ಕಾಲಾಮರ ಪ್ರಶ್ನೆ



ಮೊನ್ನೆ ನಮ್ಮ ಬಳಗದ ಒಬ್ಬ ತಮ್ಮ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು, ಒಂದು ಪ್ರಶ್ನೆ ಕಳಿಸಿದ್ದ. "ಸರ, ವಿದೇಶದಾಗ ಥೆಲೆಮಾ ಅಂತ ಒಂದು ಪಂಥ ಐತ್ರಿ. ಯಾವುದನ್ನೂ ನಂಬಬ್ಯಾಡ, ಪ್ರಯೋಗ ಮಾಡು, ದಿನಚರಿ ಬರಿ, ಆಮ್ಯಾಲ ತೀರ್ಮಾನ ಮಾಡು ಅಂತಾರ. ಇದು ನಮ್ಮ ಕಾಲಾಮ ಸುತ್ತಾನ ಅಲ್ಲೇನ್ರಿ?" ಪ್ರಶ್ನೆ ಚೆನ್ನಾಗಿದೆ. ಗುಂಪಿನಲ್ಲಿ ಬರೀ ಹೆಬ್ಬೆರಳು ತೋರಿಸಿ ಬಿಡುವಂಥದ್ದಲ್ಲ. ಅದಕ್ಕೇ ಇಂದು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಓದುವಷ್ಟು ತಾಳ್ಮೆ ಇರಲಿ.

ಥೆಲೆಮಾ ಕಟ್ಟಿದವನು ಅಲೈಸ್ಟರ್ ಕ್ರೌಲಿ ಎಂಬ ಇಂಗ್ಲಿಷರವನು. ಅವನಿಗೂ ಬೌದ್ಧ ಧಮ್ಮಕ್ಕೂ ನಂಟಿತ್ತು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅವನಿಗೆ ಮೊದಲು ಮಾಂತ್ರಿಕ ವಿದ್ಯೆ ಕಲಿಸಿದವರಲ್ಲಿ ಒಬ್ಬ ಅಲನ್ ಬೆನೆಟ್. ಆ ಬೆನೆಟ್ ಅದನ್ನೆಲ್ಲ ಬಿಟ್ಟು ಸಿಲೋನಿಗೆ ಹೋದ, ಅಲ್ಲಿಂದ ಬರ್ಮಾಕ್ಕೆ ಹೋಗಿ 1902ರಲ್ಲಿ ಆನಂದ ಮೆತ್ತೆಯ್ಯ ಎಂಬ ಭಿಕ್ಷುವಾದ, 1908ರಲ್ಲಿ ಧಮ್ಮ ಪ್ರಚಾರಕ್ಕೆಂದು ಇಂಗ್ಲೆಂಡಿಗೆ ಮರಳಿದ. ಕ್ರೌಲಿ 1901ರಲ್ಲಿ ಸಿಲೋನಿನಲ್ಲಿ ಅವನ ಜೊತೆ ಕೂತು ಧ್ಯಾನ ಕಲಿತವನು. ವಿಜ್ಞಾನ ಮತ್ತು ಬೌದ್ಧ ಧರ್ಮದ ಸಂಬಂಧದ ಬಗ್ಗೆ ಒಂದು ಪ್ರಬಂಧವನ್ನೂ ಬರೆದ. ಸಾಧನೆಯ ದಿನಚರಿ ಇಡಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂದು ಶಿಷ್ಯರಿಗೆ ಹೇಳಿದ. ಇಲ್ಲಿಯವರೆಗೆ ನಮ್ಮ ತಮ್ಮ ಹೇಳಿದ್ದು ಸರಿಯೇ. ಆದರೆ ಅದೇ ಕ್ರೌಲಿ 1904ರಲ್ಲಿ ಕೈರೋದಲ್ಲಿ ತನಗೊಂದು ಅಶರೀರವಾಣಿ ಒಂದು ಗ್ರಂಥವನ್ನೇ ಬರೆಸಿತು ಎಂದ. ಆ ಗ್ರಂಥವೇ ಹೊಸ ಯುಗದ ಶಾಸ್ತ್ರ ಎಂದ. ಎಲ್ಲವನ್ನೂ ಸಂಶಯಪಡು ಎನ್ನುವವನ ಸಂಶಯ ತನ್ನ ಪುಸ್ತಕದ ಹೊಸ್ತಿಲಿಗೆ ಬಂದು ನಿಂತುಬಿಟ್ಟಿತು. ಶಿಷ್ಯರ ದಿನಚರಿಯನ್ನು ಮೇಲಿನವರು ನೋಡುವ ಪದ್ಧತಿ ಇತ್ತು. ಆದರೆ ನೋಡುವವರೂ ಅದೇ ಪುಸ್ತಕ ಒಪ್ಪಿದವರು. ಪರೀಕ್ಷೆ ಬರೆಯುವವನೂ ತಿದ್ದುವವನೂ ಒಂದೇ ಮನೆಯವರಾದರೆ ಆ ಅಂಕಕ್ಕೆ ಎಷ್ಟು ಬೆಲೆ ಎಂಬುದು ಮಾಸ್ತರಿಕೆ ಮಾಡುವ ನನಗೆ ಗೊತ್ತು.

ಈಗ ಕಾಲಾಮರ ಕಡೆ ಬರೋಣ. ಕೇಸಪುತ್ತ ಎಂಬ ಊರಿನ ಜನ ಬುದ್ಧರ ಹತ್ತಿರ ಬಂದು ಹೇಳಿದ್ದೇನು? ಇಲ್ಲಿಗೆ ಬರುವ ಪ್ರತಿಯೊಬ್ಬ ಸಾಧುವೂ ತನ್ನದೇ ಸರಿ, ಉಳಿದವರದು ತಪ್ಪು ಎನ್ನುತ್ತಾನೆ. ನಾವು ಯಾರನ್ನು ನಂಬಬೇಕು? ಇದು ನಮ್ಮ ಕೇರಿಯ ಪ್ರಶ್ನೆಯೂ ಹೌದು. ಬುದ್ಧರು ಹತ್ತು ಬಗೆಯ ಆಧಾರಗಳನ್ನು ಹೆಸರಿಸಿ, ಅವುಗಳ ಮೇಲೆ ಮಾತ್ರ ಒಪ್ಪಬೇಡಿ ಎಂದರು. ಕೇಳಿದ ಮಾತು, ಪರಂಪರೆ, ಗ್ರಂಥ, ಗುರು ಎಂಬ ಗೌರವ ಆ ಪಟ್ಟಿಯಲ್ಲಿವೆ. ಇವನ್ನು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ನಾವು ಹೇಳದೆ ಬಿಡುವುದು ಬೇರೆ ಒಂದಿದೆ. ಬರೀ ತರ್ಕ, ಬರೀ ಊಹೆ, ನನ್ನ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬ ಸಮಾಧಾನ, ಇವೂ ಅದೇ ಪಟ್ಟಿಯಲ್ಲಿವೆ! ಅಂದರೆ "ನನ್ನ ಬುದ್ಧಿಗೆ ಸರಿ ಕಂಡೈತಿ, ಅಷ್ಟ ಸಾಕು" ಎಂದು ಬುದ್ಧರು ಹೇಳಲಿಲ್ಲ. ಲೋಭ, ದ್ವೇಷ, ಮೋಹ ಹೆಚ್ಚುತ್ತವೆಯೋ ಕಡಿಮೆಯಾಗುತ್ತವೆಯೋ, ಹಿತವೋ ಅಹಿತವೋ ನೀವೇ ನೋಡಿ ಎಂದರು. ಅದರ ಜೊತೆಗೆ, ತಿಳಿದವರು ಅದನ್ನು ನಿಂದಿಸುತ್ತಾರೋ ಮೆಚ್ಚುತ್ತಾರೋ ಅದನ್ನೂ ನೋಡಿ ಎಂದರು. ಒಳಗಿನ ಕಣ್ಣೂ ಬೇಕು, ಹೊರಗಿನ ಕಣ್ಣೂ ಬೇಕು. ಥೆಲೆಮಾದ ದಿನಚರಿಗೂ ಕಾಲಾಮರ ಪರೀಕ್ಷೆಗೂ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು.

ಇಷ್ಟು ಹೇಳಿ ಬಿಟ್ಟರೆ ಚಿಂತನೆ ಪುಸ್ತಕದಲ್ಲೇ ಉಳಿಯುತ್ತದೆ. ನಮ್ಮ ರೋಣ ಸೀಮೆಯ ಎರೆ ಹೊಲಕ್ಕೆ ಬರೋಣ.

ಹೋದ ವರ್ಷ ಹೆಸರು ಕೊಯ್ಲಿನ ಹೊತ್ತಿನಲ್ಲಿ ನಮ್ಮ ಬಳಗದ ಒಂದು ಮನೆಯ ಹಿರಿಯರಿಗೆ ಹೊಲದಲ್ಲಿ ಹಾವು ಕಚ್ಚಿತು. ಮನೆಯವರು ಅವರನ್ನು ಪಕ್ಕದ ಊರಿನ ಮಂತ್ರದವನ ಬಳಿ ಒಯ್ದರು. ಬೇವಿನ ಸೊಪ್ಪು ತಿನ್ನಿಸಿ ಕಹಿ ಹತ್ತುತ್ತದೋ ಇಲ್ಲವೋ ನೋಡಿದ್ದಾಯಿತು, ದಾರ ಕಟ್ಟಿದ್ದಾಯಿತು. ಹಿರಿಯರು ಉಳಿದರು. ಮರುವಾರ ಸಭೆಯಲ್ಲಿ ಅವರ ಮಗ ಎದ್ದು ನಿಂತು ಕೇಳಿದ: "ಸರ, ನೀವು ವಿಜ್ಞಾನ ವಿಜ್ಞಾನ ಅಂತೀರಿ. ಮಂತ್ರಾ ಹಾಕಿದ ಮ್ಯಾಲ ನಮ್ಮಪ್ಪ ಉಳದಾನಲ್ರೀ. ಇದಕ್ಕೇನಂತೀರಿ?"

ಅವನ ಧೈರ್ಯ ನನಗೆ ಹಿಡಿಸಿತು. ಬೌದ್ಧರ ಸಭೆಯಲ್ಲಿ ನಿಂತು ಮಂತ್ರದ ಪರ ಮಾತಾಡಿದನಲ್ಲ, ಕಾಲಾಮರು ಅಂಥವರೇ ಇದ್ದಿರಬೇಕು. ನಾನು ಅವನಿಗೆ ತಿರುಗಿ ಕೇಳಿದ್ದು ಒಂದೇ: "ತಮ್ಮಾ, ಮಂತ್ರಾ ಹಾಕಿಸಿಕೊಂಡು ಸತ್ತವರು ಯಾರೂ ಇಲ್ಲೇನು?" ಸಭೆಯಲ್ಲಿ ಒಬ್ಬ ಅಕ್ಕನವರು ಮೆಲ್ಲಗೆ ಹೇಳಿದರು, "ನಮ್ಮ ತಂಗಿ ಇದ್ಲಲ್ರೀ." ರಾತ್ರಿ ಮಲಗಿದಾಗ ಕಚ್ಚಿತ್ತಂತೆ. ನೋವೇ ಇರಲಿಲ್ಲವಂತೆ. ಬೆಳಗಿನ ಜಾವ ರೆಪ್ಪೆ ಎತ್ತಲಾಗದೆ ಹೋದಾಗ ಮಂತ್ರದವನ ಮನೆಗೆ ಒಯ್ದರು, ಅಲ್ಲಿಂದ ಆಸ್ಪತ್ರೆಗೆ ಹೊರಟಾಗ ತಡವಾಗಿತ್ತು. ಊರವರು ಏನೆಂದರು? "ಆಯುಷ್ಯ ಅಷ್ಟ ಇತ್ತು."

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಉಳಿದರೆ ಮಂತ್ರದಿಂದ, ಸತ್ತರೆ ಹಣೆಬರಹದಿಂದ. ಲೆಕ್ಕ ಹೀಗೆ ಬರೆದರೆ ಮಂತ್ರ ಎಂದಾದರೂ ಸೋಲಲು ಸಾಧ್ಯವೇ? ಏನಾದರೆ ನೀನು ಸೋತೆ ಎಂದು ಒಪ್ಪುತ್ತೀ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಮಾತು ಗೆದ್ದಿದೆ ಎಂದು ಹೇಗೆ ಹೇಳುವುದು? ವಿಜ್ಞಾನ ಎಂದರೆ ದೊಡ್ಡ ದೊಡ್ಡ ಯಂತ್ರಗಳಲ್ಲ, ಮೊದಲು ಈ ಪ್ರಶ್ನೆ.

ಹಾಗಾದರೆ ಆ ಹಿರಿಯರು ಉಳಿದದ್ದು ಹೇಗೆ? ನಮ್ಮ ಹೊಲಗಳಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ಕೆರೆ ಹಾವು ಕಚ್ಚಿದರೆ ಏನೂ ಆಗದು. ಜೀವ ತೆಗೆಯುವಂಥವು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಇವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಹಲ್ಲು ನಾಟಿಸಿ ವಿಷ ಬಿಡದೆ ಹೋಗುವುದೂ ಉಂಟು. ಹೀಗಾಗಿ ಮಂತ್ರದವನ ಹತ್ತಿರ ಬಂದವರಲ್ಲಿ ಅನೇಕರು ಏನೂ ಮಾಡದಿದ್ದರೂ ಉಳಿಯುವವರೇ. ಉಳಿದವರು ಮರುವರ್ಷ ತೆಂಗಿನಕಾಯಿ ಹಿಡಿದು ಬರುತ್ತಾರೆ, ನಾಲ್ಕು ಮಂದಿಗೆ ಹೇಳುತ್ತಾರೆ. ಸತ್ತವರು ಬಂದು ಹೇಳುವುದಿಲ್ಲ.

ಆಸ್ಪತ್ರೆಯ ಹಾವಿನ ವಿಷದ ಔಷಧದ ಲೆಕ್ಕ ಬೇರೆ ಥರ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ತಯಾರಿಸುವ ಔಷಧ ಅದು. ಮೇಲೆ ಹೇಳಿದ ನಾಲ್ಕು ಹಾವುಗಳಿಗೆ ಕೆಲಸ ಮಾಡುತ್ತದೆ. ಪಶ್ಚಿಮ ಘಟ್ಟದ ಕಡೆಯ ಒಂದು ಜಾತಿಯ ಮಂಡಲಕ್ಕೆ ಅದು ನಾಟುವುದಿಲ್ಲ, ಕೆಲವರಿಗೆ ಮೈಗೆ ಒಗ್ಗದೆ ಅಪಾಯವೂ ಆಗಬಹುದು, ತಡವಾದರೆ ಫಲ ಕಡಿಮೆ. ಇದನ್ನೆಲ್ಲ ಹೇಳಿದವರು ಯಾರು? ಅದರ ವಿರೋಧಿಗಳಲ್ಲ, ಆ ಔಷಧ ಕೊಡುವ ವೈದ್ಯರೇ. ತನ್ನ ಸೋಲನ್ನೂ ತಾನೇ ಬರೆದಿಡುವ ಔಷಧದ ಮೇಲೆ ನನಗೆ ಭರವಸೆ. ಹಾವಿನ ಕಡಿತದಿಂದ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು 2020ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಸತ್ತದ್ದು ಆಸ್ಪತ್ರೆಯಲ್ಲಲ್ಲ. 2024ರಲ್ಲಿ ನಮ್ಮ ಸರ್ಕಾರ ಹಾವಿನ ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಆದೇಶಿಸಿದೆ. ಸತ್ತವರ ಲೆಕ್ಕ ಈಗ ಪುಸ್ತಕಕ್ಕೆ ಹತ್ತಬೇಕು.

ಇನ್ನೊಂದು ಮಾತು, ಇದು ಭಾಷಣಕಾರರಿಗೆ. ಮಂತ್ರದವನ ಬಳಿ ಹೋದ ನಮ್ಮವರನ್ನು ನೋಡಿ ನಗಬೇಡಿ. ಅವನು ನಮ್ಮ ಕೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿರುತ್ತಾನೆ, ಮುಟ್ಟಿ ಮಾತಾಡಿಸುತ್ತಾನೆ, ನಡುರಾತ್ರಿ ಬಾಗಿಲು ತೆರೆಯುತ್ತಾನೆ. ನಮ್ಮ ಅಜ್ಜ ಅಜ್ಜಿಯರಿಗೆ ಆ ಮರ್ಯಾದೆ ಬೇರೆ ಎಲ್ಲೂ ಸಿಗಲಿಲ್ಲ. ಹೊರಗೆ ನಿಲ್ಲಿಸಿ ಔಷಧ ಎಸೆದ ಕಾಲವನ್ನು ಅವರು ಕಂಡವರು. ಆದ್ದರಿಂದ ಮಂತ್ರ ಬಿಡಿ ಎನ್ನುವವನು ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎದ್ದು ಗಾಡಿ ತರುವವನೂ ಆಗಿರಬೇಕು. ಇಲ್ಲದಿದ್ದರೆ ಅವನ ವಿಜ್ಞಾನ ಬರೀ ಬಾಯಿಮಾತು.

ಡಾ. ಎಚ್. ನರಸಿಂಹಯ್ಯನವರ ಹೆಸರು ಇಲ್ಲಿ ನೆನೆಯಬೇಕು. ಗೌರಿಬಿದನೂರು ಕಡೆಯ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾಗೆ, ನಮ್ಮೆದುರು ಮಾಡಿ ತೋರಿಸಿ ಎಂದು ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಬರಲಿಲ್ಲ. ವಿಭೂತಿ ಯಾಕೆ, ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲು ಹಿರಿಯರಿಗೆ ನೆನಪಿರಬೇಕು. ಕೇಳಿದರೆ ತಮಾಷೆ ಅನಿಸುತ್ತದೆ, ಆದರೆ ಅದರೊಳಗೆ ಪೂರ್ತಿ ವಿಧಾನವಿದೆ: ತೋಳಿನಲ್ಲಿ ಬಚ್ಚಿಡಲಾಗದ ವಸ್ತುವನ್ನೇ ಕೇಳಬೇಕು, ಎಲ್ಲರ ಎದುರು ಕೇಳಬೇಕು. ಬುದ್ಧರೂ ಹೆಚ್ಚು ಕಡಿಮೆ ಇದನ್ನೇ ಮಾಡಿದ್ದರು. ನಾಲಂದದ ಕೇವಟ್ಟ ಎಂಬ ಗೃಹಸ್ಥ, ಒಬ್ಬ ಭಿಕ್ಷುವಿಂದ ಪವಾಡ ಮಾಡಿಸಿ, ಊರಿಗೆ ಊರೇ ನಿಮ್ಮನ್ನು ನಂಬುತ್ತದೆ ಎಂದ. ಬುದ್ಧರು ಒಪ್ಪಲಿಲ್ಲ. ನಂಬದವನು ಅದು ಗಾಂಧಾರಿ ವಿದ್ಯೆ ಅಂದುಬಿಡುತ್ತಾನೆ ಎಂದರು. ಇಂಥ ಪವಾಡ ತಮಗೆ ಹೇಸಿಗೆ, ಉಪದೇಶದಿಂದ ಮನುಷ್ಯ ಬದಲಾಗುವುದೇ ಮೇಲು ಎಂದರು.

ನಮ್ಮ ಗಜೇಂದ್ರಗಡದ ಕಾಲಕಾಲೇಶ್ವರ ಬೆಟ್ಟದ ಬಗ್ಗೆ ಜನ ಹೇಳುವುದು ನಿಮಗೆಲ್ಲ ಗೊತ್ತು. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಕುಂಚ ಇಟ್ಟರೆ ಬೆಳಗಾಗುವಷ್ಟರಲ್ಲಿ ಗುಡಿಗೆ ತಾನಾಗಿ ಸುಣ್ಣ ಬಳಿದಿರುತ್ತದೆ ಎನ್ನುತ್ತಾರೆ. ವರ್ಷವಿಡೀ ನೀರು ಹರಿಯುವ ಅಂತರಗಂಗೆಯೂ ಅಲ್ಲಿದೆ. ಈ ವಿಷಯದಲ್ಲಿ ಕೆಲವು ಹುಡುಗರು ಗುಂಪಿನಲ್ಲಿ ಗೇಲಿಯ ಚಿತ್ರ ಹಾಕಿದ್ದರು. ಅದು ಬೇಡ. ಗೇಲಿ ಪರೀಕ್ಷೆಯಲ್ಲ, ಭಕ್ತರ ಮನಸ್ಸು ನೋಯಿಸಿ ನಮಗೆ ಬರುವುದೇನೂ ಇಲ್ಲ. ಕುತೂಹಲವಿದ್ದರೆ ಒಂದು ಕೊಡ, ಒಂದು ಗಡಿಯಾರ ತೆಗೆದುಕೊಂಡು ಹೋಗಿ. ಕೊಡ ತುಂಬಲು ಶ್ರಾವಣದಲ್ಲಿ ಎಷ್ಟು ಹೊತ್ತು, ಚೈತ್ರದಲ್ಲಿ ಎಷ್ಟು ಹೊತ್ತು ಬರೆದಿಡಿ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ನಿಧಾನವಾಗಿ ಬರುವುದಾದರೆ ಅಂಕಿಯಲ್ಲಿ ಏರಿಳಿತ ಕಂಡೀತು. ಸುಣ್ಣದ ವಿಷಯದಲ್ಲಿ ಒಂದೇ ಪ್ರಶ್ನೆ: ಆ ರಾತ್ರಿಯಿಡೀ ಎಚ್ಚರವಿದ್ದು ನೋಡಿದವರು ಯಾರು?

ಇದೇ ಪ್ರಶ್ನೆ ನಮ್ಮ ಅಂಗಳಕ್ಕೂ ಬರಬೇಕು, ಇಲ್ಲದಿದ್ದರೆ ನಾವೂ ಕ್ರೌಲಿಯ ಹೊಸ್ತಿಲಲ್ಲೇ ನಿಂತಂತೆ. ಪರಿತ್ತ ಪಠಣದ ಮೇಲೆ ಭಂತೇಜಿಯವರು ಕಟ್ಟುವ ಬಿಳಿ ದಾರದಿಂದ ಮಗುವಿನ ಜ್ವರ ಇಳಿಯಿತು ಎಂದು ಒಬ್ಬ ತಾಯಿ ಹೇಳಿದರು. ದಾರ ಶೀಲದ ನೆನಪಿಗೆ ಕಟ್ಟಿದ್ದಾದರೆ ಬಹಳ ಚಂದ. ಜ್ವರಕ್ಕೆ ಕಟ್ಟಿದ್ದಾದರೆ, ಮಂತ್ರದವನ ದಾರಕ್ಕೂ ಅದಕ್ಕೂ ಬಣ್ಣವಷ್ಟೇ ಬೇರೆ. ಹಾವು, ಚೇಳು, ನಾಯಿ ಕಚ್ಚಿದಾಗ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ, ಗಂಡ ದಾರ ಕಟ್ಟುವುದನ್ನು ನಮ್ಮ ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆ ಅಪರಾಧವೆಂದು ಹೇಳಿದೆ. 2020ರಿಂದ ಅದು ಜಾರಿಯಲ್ಲಿದೆ. ದಾರ ಕಟ್ಟಿದವರ ಧರ್ಮ ಯಾವುದು ಎಂದು ಕಾಯ್ದೆ ಕೇಳುವುದಿಲ್ಲ. ಇನ್ನು, ಬಾಬಾಸಾಹೇಬರ ಈ ಚಿತ್ರವನ್ನು 22 ಜನಕ್ಕೆ ಕಳಿಸಿದರೆ ಶುಭ ಸುದ್ದಿ ಬರುತ್ತದೆ ಎಂಬ ಸಂದೇಶ. 22 ಪ್ರತಿಜ್ಞೆ ಕೊಟ್ಟವರ ಹೆಸರಿನಲ್ಲಿ 22 ಜನಕ್ಕೆ ಫಾರ್ವರ್ಡ್! ಏನು ಹೇಳಲಿ.

ಬಾಬಾಸಾಹೇಬರು ಸ್ವತಃ ಹೇಗೆ ನಡೆದರು ನೋಡಿ. ಸಿದ್ಧಾರ್ಥನು ಮುದುಕನನ್ನು, ರೋಗಿಯನ್ನು, ಶವವನ್ನು ಮೊದಲ ಬಾರಿ ಕಂಡು ಮನೆ ಬಿಟ್ಟ ಎಂಬ ಕಥೆ ಲೋಕಕ್ಕೆಲ್ಲ ಪ್ರಿಯ. 29 ವರ್ಷದವರೆಗೆ ಒಬ್ಬ ಮನುಷ್ಯ ಇವನ್ನು ಕಾಣದೇ ಇರಲು ಸಾಧ್ಯವೇ ಎಂದು ಅವರು ಕೇಳಿದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಬಂದ ಜಗಳ, ಯುದ್ಧ ಬೇಡವೆಂದ ಸಿದ್ಧಾರ್ಥನ ನಿಲುವು, ಅದರಿಂದಾದ ಗೃಹತ್ಯಾಗ ಎಂದು ಆ ಕಥೆಯನ್ನು ಬೇರೆ ರೀತಿ ನಿರೂಪಿಸಿದರು. ಅವರ 'ಬುದ್ಧ ಮತ್ತು ಅವನ ಧಮ್ಮ' 1957ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾಗಿ ಬಂತು. ಇಡೀ ಜಗತ್ತಿನ ಬೌದ್ಧರು ಸಿಟ್ಟಾದರೂ ಪರವಾಗಿಲ್ಲ ಎಂದು, ತಾನು ಶರಣು ಹೋದ ಗುರುವಿನ ಕಥೆಯನ್ನೇ ಪರೀಕ್ಷೆಗೆ ಇಟ್ಟ ಶಿಷ್ಯ ಅವರು. ನೀರಿನ ಜಗಳ ಎಂದರೆ ನಮ್ಮ ನರಗುಂದದವರಿಗೆ ಬಿಡಿಸಿ ಹೇಳಬೇಕಿಲ್ಲ.

ಧ್ಯಾನದ ಬಗ್ಗೆಯೂ ತಮ್ಮ ಕೇಳಿದ್ದ. ಆನಾಪಾನ ಮಾಡುವಾಗ ಬೆಳಕು ಕಂಡಿತು, ಮೈ ಹಗುರಾಯಿತು ಎಂದು ದಿನಚರಿಯಲ್ಲಿ ಬರೆಯುವುದಾದರೆ ಬರೆ, ತಪ್ಪಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ: ಈ ವಾರ ಮನೆಯಲ್ಲಿ ಎಷ್ಟು ಸಲ ಕೂಗಾಡಿದೆ? ಆ ಸಾಲನ್ನು ನೀನು ಬರೆಯಬೇಡ, ನಿನ್ನ ಹೆಂಡತಿ ಬರೆಯಲಿ. ಮೂರು ತಿಂಗಳ ಮೇಲೆ ಎರಡೂ ಸಾಲು ಜೊತೆಗಿಟ್ಟು ನೋಡು.

ಬರುವ ಭಾನುವಾರದ ಸಭೆಗೆ ಎಲ್ಲರೂ ಒಂದು ಹಾಳೆ ತನ್ನಿ. ನಿಮ್ಮ ಊರಿನಲ್ಲಿ ಹಾವು ಕಚ್ಚಿದವರು ಯಾರು, ಮೊದಲು ಎಲ್ಲಿಗೆ ಒಯ್ದರು, ಎಷ್ಟು ಹೊತ್ತಾಯಿತು, ಏನಾಯಿತು ಎಂದು ಕೇಳಿ ಬರೆದುಕೊಂಡು ಬನ್ನಿ. ತೀರಿಕೊಂಡವರ ಹೆಸರನ್ನು ಮರೆಯದೆ ಬರೆಯಿರಿ. ಅಲ್ಲಿಯವರೆಗೆ ಯಾರಿಗಾದರೂ ಕಚ್ಚಿದರೆ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ ಸೀದಾ ತಾಲೂಕು ಆಸ್ಪತ್ರೆಗೆ ಒಯ್ಯಿರಿ. ಗಾಡಿ ಸಿಗದಿದ್ದರೆ ಗುಂಪಿಗೆ ಹಾಕಿ, ಎಷ್ಟು ಹೊತ್ತಾಗಿದ್ದರೂ ಸರಿ.

ಜೈ ಭೀಮ್.