ಕೆಡಹಿದ ಕೈಯ ಹೊಣೆ

ಕೈಮೀರಿ ವರ್ತಿಸುವ ಮನುಷ್ಯನನ್ನು ಗುಂಡು ಹಾರಿಸದೆಯೆ ಕೆಡಹಲೆಂದು ವಿದ್ಯುತ್ ಆಯುಧಗಳು ಬಂದಿವೆ. ಪೊಲೀಸರ ಟೇಸರ್ ತಂತಿ ಕಟ್ಟಿದ ಎರಡು ಮೊನೆಗಳನ್ನು ಎಸೆಯುತ್ತದೆ. ಅವು ನೆಟ್ಟೊಡನೆ ಸುಮಾರು 5 ಸೆಕೆಂಡು ಸ್ನಾಯುಗಳು ಬಿಗಿದು, ಮನುಷ್ಯನು ಕಡಿದ ಮರದಂತೆ ಉರುಳುತ್ತಾನೆ. ಇದು ಪ್ರಾಣ ಉಳಿಸುವ ಆಯುಧವೆನ್ನುವವರಿದ್ದಾರೆ. ಗುಂಡಿಗೆ ಹೋಲಿಸಿದರೆ ಆ ಮಾತು ಸುಳ್ಳಲ್ಲ. ಆದರೆ ಕೆಡಹಿದ ಬಳಿಕ ಅವನು ಯಾರ ಹೊಣೆ? ನಾವು ಇಲ್ಲಿ ವಿಚಾರಿಸಬಯಸುವುದು ಅದನ್ನೇ.

2007ರ ಅಕ್ಟೋಬರ್ 14ರಂದು ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ, ಇಂಗ್ಲಿಷ್ ಬಾರದ ಪೋಲೆಂಡಿನ ಪ್ರಯಾಣಿಕನೊಬ್ಬ ಗಂಟೆಗಟ್ಟಲೆ ದಾರಿಗಾಣದೆ ಕಂಗೆಟ್ಟಿದ್ದನು. ಪೊಲೀಸರು ಈ ಆಯುಧವನ್ನು ಅವನ ಮೇಲೆ 5 ಬಾರಿ ಪ್ರಯೋಗಿಸಿದರು, ಅಲ್ಲಿಯೇ ಅಸುನೀಗಿದನು. ನೆರವಿಗೆ ಬಂದ ಅಗ್ನಿಶಾಮಕ ದಳದವರು ಕೈಕೋಳ ಬಿಚ್ಚಿರೆಂದು ಕೇಳಿದರೂ ಒಡನೆ ಬಿಚ್ಚಲಿಲ್ಲವೆಂಬ ಸಾಕ್ಷ್ಯ ವಿಚಾರಣಾ ಆಯೋಗದ ಮುಂದೆ ಬಂದಿತು. ಉಸಿರು ನಿಲ್ಲುತ್ತಿರುವವನ ಕೈಗೆ ಕೋಳ!

ದೂರದ ಮಾತೆನ್ನದಿರಿ. 2023ರ ಏಪ್ರಿಲ್ ಮೊದಲಲ್ಲಿ ನಮ್ಮ ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ ಜಾನುವಾರು ಸಾಗಿಸುತ್ತಿದ್ದವನೊಬ್ಬನು ಶವವಾಗಿ ದೊರೆತಾಗ, ಸ್ಟನ್ ಗನ್ ಬಳಕೆಯ ಆರೋಪವೂ ಕೇಳಿಬಂದಿತು. ಅದರ ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಸೇರಿದ್ದು. ಇಂಥ ವಸ್ತು ಖಾಸಗಿ ಕೈಗಳಲ್ಲಿಯೂ ಇರಬಹುದೆಂಬುದಷ್ಟು ನಮಗೆ ತಿಳಿದಿರಲಿ.

ಯಲ್ಲದಕೆರೆಯ ರೈತನಿಗೆ ಕರೆಂಟಿನ ಭಯ ಹೊಸದಲ್ಲ. ಪಂಪ್‌ಸೆಟ್ಟಿನ ಬಳಿ ಒಬ್ಬನು ಬಿದ್ದರೆ, ಮೈನ್ ಸ್ವಿಚ್ ತೆಗೆಯುವವರೆಗೆ ಅವನನ್ನು ಮುಟ್ಟಬಾರದು. ಇಲ್ಲಿ ಹಾಗಲ್ಲ, ಆಯುಧ ನಿಂತ ಮೇಲೆ ದೇಹದಲ್ಲಿ ವಿದ್ಯುತ್ ಉಳಿಯದು, ಮುಟ್ಟಲು ಅಂಜಬೇಕಿಲ್ಲ. ಬಿದ್ದವನು ಮಾತನಾಡುತ್ತಾನೆಯೆ, ಉಸಿರಾಡುತ್ತಾನೆಯೆ ನೋಡಬೇಕು. ಬೋರಲು ಕೆಡವಿ ಬೆನ್ನ ಮೇಲೆ ಕೂರುವುದು ಉಸಿರು ಕಟ್ಟಿಸುವ ದಾರಿ. ಕೈ ಊರಲಾಗದೆ ಬಿದ್ದವನಾದ್ದರಿಂದ ತಲೆಗೆ, ಕತ್ತಿಗೆ ಪೆಟ್ಟಾಗಿರಬಹುದು. ಕಣ್ಣಿಗೋ ಕುತ್ತಿಗೆಗೋ ನೆಟ್ಟ ಮೊನೆಯನ್ನು ಕೀಳುವುದು ವೈದ್ಯರ ಕೆಲಸ. ಇನ್ನೊಂದು ಮಾತು: ಅಬ್ಬರಿಸುತ್ತಿದ್ದವನು ಥಟ್ಟನೆ ಮೌನವಾದರೆ ‘ತೆಪ್ಪಗಾದ’ ಎಂದು ಜನ ನಗುತ್ತಾರೆ, ವೈದ್ಯರು ಭಯಪಡುವುದು ಆ ಮೌನಕ್ಕೇ. ಉಸಿರಿಲ್ಲವಾದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತ, 108ಕ್ಕೆ ಕರೆ ಮಾಡಿಸಬೇಕು. ಎದೆನೋವೆನ್ನುವವರು, ಹೃದ್ರೋಗಿಗಳು, ಗರ್ಭಿಣಿಯರು ಎದ್ದು ಕುಳಿತರೂ ಆಸ್ಪತ್ರೆ ಕಾಣಲೇಬೇಕು.

ಕಳ್ಳನಿಗೂ ಈ ಉಪಚಾರವೆ ಎಂದು ಕೆಲವರು ಕೇಳಬಹುದು. ಗಾಯಾಳುವು ನಿರಪರಾಧಿಯಾಗಲಿ ಅಪರಾಧಿಯಾಗಲಿ, ವೈದ್ಯನು ಮೊದಲು ಜೀವ ಉಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಹೇಳಿದೆ. ಬಂಧಿತನ ಆರೋಗ್ಯದ ಹೊಣೆ ವಶದಲ್ಲಿಟ್ಟುಕೊಂಡವರದೆಂದು ಕಾನೂನಿದೆ. ಕಾನೂನನ್ನು ಬದಿಗಿಟ್ಟು ಯೋಚಿಸಿದರೂ ಫಲ ಅದೇ. ಓಡಬಲ್ಲವನು, ಹೋರಾಡಬಲ್ಲವನು ತನ್ನ ದೇಹಕ್ಕೆ ತಾನೇ ಒಡೆಯ. ಆ ಒಡೆತನವನ್ನು ನಾವು ಕಿತ್ತುಕೊಂಡ ಕ್ಷಣದಲ್ಲಿ ಅವನ ಉಸಿರಿನ ಭಾರವೂ ನಮ್ಮ ಮೇಲೆ ಬೀಳುತ್ತದೆ. ಅವನ ಗುಣವನ್ನು ನೋಡಿ ಬರುವ ಋಣವಲ್ಲ ಇದು, ನಮ್ಮ ಕೃತ್ಯದಿಂದಲೇ ಹುಟ್ಟಿದ್ದು.

ಆದರೆ ಹೊಡೆದವನಿಗೆ ಆ ಗಳಿಗೆಯಲ್ಲಿ ಸಿಟ್ಟೂ ಭಯವೂ ಇಳಿದಿರುವುದಿಲ್ಲ. ಎದುರಿಗಿರುವವನು ಅವನಿಗೆ ಇನ್ನೂ ವೈರಿಯೇ. ಆದುದರಿಂದ ಅಲ್ಲಿ ನೆರೆದವರಲ್ಲಿ ಒಬ್ಬರಾದರೂ ಕೈಯಲ್ಲಿನ ಮೊಬೈಲನ್ನು ಚಿತ್ರ ತೆಗೆಯುವುದಕ್ಕಲ್ಲದೆ ಕರೆ ಮಾಡುವುದಕ್ಕೆ ಎತ್ತಿ, ಬಿದ್ದವನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಉಸಿರನ್ನು ನೋಡುತ್ತಿರಬೇಕು.