ಹೊಳೆ, ಕಲ್ಲು ಮತ್ತು ಶೇಷವತ್ ಅನುಮಾನ

ಆಷಾಢದಲ್ಲಿ ಹೊನ್ನಾಳಿಯ ಬಳಿ ತುಂಗಭದ್ರೆ ಕೆಂಪಗೆ ಏರಿದರೆ, ಊರಲ್ಲಿ ಬರೀ ತುಂತುರು ಹನಿ ಇದ್ದರೂ ಜನ ‘ಮಲೆನಾಡಲ್ಲಿ ಮಳೆ ಜೋರು’ ಎನ್ನುತ್ತಾರೆ. ಆ ಮಳೆಯನ್ನು ಅವರು ಕಂಡಿಲ್ಲ, ಕಂಡದ್ದು ನೀರನ್ನಷ್ಟೇ. ಹೀಗೆ ಕಾರ್ಯವನ್ನು ಹಿಡಿದು ಕಾರಣವನ್ನು ಮುಟ್ಟುವುದಕ್ಕೆ ನ್ಯಾಯದರ್ಶನದಲ್ಲಿ ‘ಶೇಷವತ್’ ಅನುಮಾನ ಎಂದು ಹೆಸರು. ಗೌತಮನ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಕೊಡುವ ಉದಾಹರಣೆಯೂ ತುಂಬಿದ ಹೊಳೆಯದೇ.

ಇದಕ್ಕೆ ಬರಬಹುದಾದ ಆಕ್ಷೇಪವನ್ನು ಸೂತ್ರಕಾರನೇ ಮುಂದಿಡುತ್ತಾನೆ. ಹರಿವಿಗೆ ಎಲ್ಲೋ ತಡೆ ಬಿದ್ದರೂ ಹೊಳೆ ಏರುತ್ತದೆ. ಕೂಗು ಕೇಳಿ ನವಿಲಿದೆ ಎನ್ನೋಣವೆಂದರೆ, ಆ ಕೂಗನ್ನು ಮನುಷ್ಯನೂ ಕೂಗಬಲ್ಲ. ಒಂದೇ ಕಾರ್ಯಕ್ಕೆ ಹಲವು ಕಾರಣಗಳಿರುವಾಗ ಅನುಮಾನವನ್ನು ನಂಬುವುದು ಹೇಗೆ? ಹೊನ್ನಾಳಿಯವರಿಗೆ ಇದು ಬರೀ ಶಾಸ್ತ್ರದ ಪ್ರಶ್ನೆಯಲ್ಲ. ಭದ್ರಾ ಅಣೆಕಟ್ಟಿನ ಗೇಟು ತೆರೆದರೂ ಹೊಳೆ ಏರುತ್ತದೆ.

ಆಕ್ಷೇಪ ಎಷ್ಟು ಗಟ್ಟಿಯೆಂದು ಕಲ್ಲುಗಳನ್ನು ಕಂಡರೆ ತಿಳಿಯುತ್ತದೆ. ಬಸಾಲ್ಟ್ ಅಗ್ನಿಶಿಲೆ, ಶೇಲ್ ಕಣಶಿಲೆ. ಎರಡೂ ಕಪ್ಪಗಿರಬಹುದು, ಎರಡರ ಕಣಗಳೂ ಕಣ್ಣಿಗೆ ಕಾಣದಷ್ಟು ನುಣುಪು. ಆದರೆ ಆ ನುಣುಪು ಬಂದ ದಾರಿಗಳು ತೀರ ವಿರುದ್ಧ. ಲಾವಾ ಬೇಗ ಆರಿದ್ದರಿಂದ ಬಸಾಲ್ಟಿನ ಹರಳುಗಳಿಗೆ ಬೆಳೆಯಲು ಹೊತ್ತು ಸಿಗಲಿಲ್ಲ. ಶೇಲ್ ಆಗಲಿರುವ ಜೇಡಿಯೋ ನಿಂತ ನೀರಿನ ತಳದಲ್ಲಿ ಬಹು ನಿಧಾನವಾಗಿ ಕೂತದ್ದು. ಅವಸರಕ್ಕೂ ನಿಧಾನಕ್ಕೂ ಫಲ ಒಂದೇ! ಹಾಗಾಗಿ ‘ನುಣುಪು’ ಎಂಬ ಗುರುತಿನಿಂದ ಹುಟ್ಟನ್ನು ಹೇಳಲಾಗದು. ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ಮಾತಿನಲ್ಲಿ ಅದು ವ್ಯಭಿಚಾರವುಳ್ಳ ಹೇತು: ಒಂದೇ ಕಾರಣಕ್ಕೆ ಕಟ್ಟುಬೀಳದ ಗುರುತು.

ಇಷ್ಟಾದರೂ ನೈಯಾಯಿಕರು ಅನುಮಾನವನ್ನು ಕೈಬಿಡಲಿಲ್ಲ. ಅವರ ಉತ್ತರ ನನಗೆ ಬಹಳ ಮೆಚ್ಚಿಗೆ: ತಪ್ಪು ಅನುಮಾನದ್ದಲ್ಲ, ಅರೆಬರೆ ನೋಡಿದವನದು. ಬರೀ ನೀರೇರಿದ್ದು ಸಾಲದು. ಸೆಳವು, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ ಎಲ್ಲವನ್ನೂ ಕೂಡಿಸಿ ನೋಡಬೇಕು. ಕಲ್ಲಿಗೂ ಇದೇ ಮಾತು. ಒಂದಕ್ಕೊಂದು ಹೆಣೆದುಕೊಂಡ ಹರಳುಗಳಿದ್ದು, ಅನಿಲ ಹೊರಟುಹೋದ ಗುಳ್ಳೆಯ ಗುರುತುಗಳೂ ಇದ್ದರೆ ಬಸಾಲ್ಟ್. ತೆಳು ಪದರಗಳಾಗಿ ಸೀಳಿಕೊಂಡು, ಚಾಕುವಿನಿಂದ ಸುಲಭವಾಗಿ ಗೀರಲು ಬಂದರೆ ಶೇಲ್.

ದಾವಣಗೆರೆ ಸೀಮೆಯಲ್ಲಿ ಈ ಗುರುತುಗಳೂ ಕೈಕೊಡುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆ ಹಬ್ಬಿರುವ ಶಿವಮೊಗ್ಗದ ಶಿಸ್ಟ್ (ಪದರುಪದರಾಗಿ ಸೀಳುವ ರೂಪಾಂತರಶಿಲೆ) ಪಟ್ಟಿಯಲ್ಲೂ ಜಗಳೂರಿನಿಂದ ಚಿತ್ರದುರ್ಗದತ್ತ ಹೋದರೆ ಸಿಗುವ ಪಟ್ಟಿಯಲ್ಲೂ ಇರುವುದು 250 ಕೋಟಿ ವರ್ಷಗಳಿಗೂ ಹಳೆಯ ಕಲ್ಲು. ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಅಲ್ಲಿನ ಬಸಾಲ್ಟ್ ಹಸಿರು ಶಿಸ್ಟ್ ಆಗಿದೆ, ಜೇಡಿ ಫಿಲೈಟ್ ಎಂಬ ಕಲ್ಲಾಗಿದೆ. ಈಗ ಎರಡೂ ಸೀಳಿಕೊಳ್ಳುತ್ತವೆ. ಕೈಯಲ್ಲಿ ಹಿಡಿದ ತುಂಡೊಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ, ಬಂಡೆ ಇದ್ದಲ್ಲಿಗೇ ಹೋಗಬೇಕು.

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ಬಂಡೆ ಅಂಥದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನೀರಿನೊಳಗೆ ಉಕ್ಕಿದ ಲಾವಾ ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಹೆಪ್ಪುಗಟ್ಟಿದೆ. ಅಂದರೆ ಅಗ್ನಿಶಿಲೆಯೂ ನೀರಿನಲ್ಲೇ ಆದದ್ದು, ‘ನೀರಿತ್ತು’ ಎಂಬುದೂ ಎರಡನ್ನು ಬೇರೆ ಮಾಡುವ ಹೇತುವಲ್ಲ. ಆದರೆ ದಿಂಬಿನ ಆಕಾರ ಜೇಡಿಗೆ ಬರುವಂಥದ್ದಲ್ಲ. ಇಂಥ ಲಾವಾದ ದಿಂಬುಗಳ ಮೇಲ್ಮೈ ಉಬ್ಬಿರುತ್ತದೆ, ಅಡಿಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿಬಿದ್ದಿರುತ್ತದೆ. ಪದರಗಳು ಮಗುಚಿ ನೆಟ್ಟಗೆ ನಿಂತಿದ್ದರೂ, ಅಂದು ಯಾವ ಬದಿ ಮೇಲಿತ್ತು ಎಂಬುದನ್ನು ಅದರಿಂದಲೇ ಅನುಮಾನಿಸಬಹುದು.