ಡಬ್ಬಿಯ ಮೇಲಿನ ಹೆಸರು



ಇಂದಿನ ಚಿಂತನೆ ನನ್ನ ಗ್ಯಾರೇಜಿನಿಂದ. ಮೈಸೂರಿನಲ್ಲಿ ಹಳೇ ಬೈಕ್ ರಿಪೇರಿ ಮಾಡುವವನು ನಾನು. ಕಳೆದ ತಿಂಗಳು ಹಿರಿಯರೊಬ್ಬರು ತಮ್ಮ ಯೆಜ್ಡಿ ರೋಡ್‌ಕಿಂಗ್ ತಂದು ಬಿಟ್ಟರು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಿತ್ತು. ಎರಡನೇ ಗೇರಿನ ಹಲ್ಲು ಮುರಿದಿತ್ತು. ಚೈನು ಜೋತುಬಿದ್ದಿತ್ತು. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಸವೆದಿದ್ದವು.

ಈ ಬೈಕು ತಯಾರಾಗುತ್ತಿದ್ದದ್ದು ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದಿನಿಂದ ಸರಿಹೊಂದುವ ಸಾಮಾನು ಹುಡುಕುವುದೇ ದೊಡ್ಡ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಗೇರ್ ಸಿಕ್ಕಿತು. ಡಬ್ಬಿಯ ಮೇಲೆ ಮಾಡೆಲ್ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ತಂದು ಶಾಫ್ಟಿಗೆ ಹಾಕಿದರೆ ಕೂರಲೇ ಇಲ್ಲ. ಮತ್ತೆ ಹೋಗಿ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದೆ. ತುಕ್ಕು ಹಿಡಿದ ಒಂದು ಜೊತೆ ಗೇರ್ ಕಂಡಿತು. "ಯಾವ ಬಂಡೀದೋ ಗೊತ್ತಿಲ್ಲಣ್ಣ" ಅಂದ ಹುಡುಗ. ಡೀಸೆಲ್‌ನಲ್ಲಿ ತೊಳೆದೆ, ಹಲ್ಲು ಎಣಿಸಿದೆ, ವರ್ನಿಯರ್ ಹಿಡಿದು ಅಳೆದೆ. ಮೇಲಿನ ತುಕ್ಕು ಹೋದ ಮೇಲೆ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು. ಶಾಫ್ಟಿನ ಮೇಲೆ ಜಾರಿಕೊಂಡು ಹೋಗಿ ಸರಿಯಾಗಿ ಕೂತವು.

ನಾನು ಗೇರ್ ಜೋಡಿಸುವುದನ್ನು ನೋಡುತ್ತಾ ಕೂತಿದ್ದ ಬೈಕಿನ ಯಜಮಾನರು ಅಂದರು: "ನೋಡಿ ಮೇಸ್ತ್ರಿ, ಯಾವುದು ಎಲ್ಲಿರಬೇಕೋ ಅಲ್ಲಿದ್ರೇ ಗಾಡಿ ಓಡೋದು. ಸಮಾಜಾನೂ ಹಂಗೇ ಅಲ್ವಾ? ನಮ್ಮ ಹಿರೀಕರು ಸುಮ್ಮನೆ ಮಾಡಿದ್ರಾ?"

ನಾನು ಸುಮ್ಮನಿದ್ದೆ. ರಾತ್ರಿ ಮನೆಯಲ್ಲಿ ಈ ಮಾತು ಹೇಳಿದಾಗ ಮಗಳು ಕೇಳಿದಳು: "ಅಪ್ಪಾ, ನೀನೇನಂದೆ?" ಏನೂ ಅನ್ನಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ನಿದ್ದೆ ಬರಲಿಲ್ಲ. ಅವರ ಮಾತು ತಪ್ಪು ಎಂದು ಗೊತ್ತಿತ್ತು, ಎಲ್ಲಿ ತಪ್ಪು ಎಂದು ಹೇಳಲು ಬರುತ್ತಿರಲಿಲ್ಲ.

ಮಾರನೇ ದಿನ ಉತ್ತರ ನನ್ನ ಬೆಂಚಿನ ಮೇಲೇ ಸಿಕ್ಕಿತು. ಡಬ್ಬಿಯ ಹೆಸರು ನಂಬಿದ್ದರೆ ಆ ಬೈಕು ಇವತ್ತಿಗೂ ಓಡುತ್ತಿರಲಿಲ್ಲ. ಹೆಸರಿದ್ದ ಗೇರ್ ಕೂರಲಿಲ್ಲ, ಹೆಸರಿಲ್ಲದ್ದು ಕೂತಿತು. ನಾನು ನಂಬಿದ್ದು ಅಳತೆಯನ್ನು. ಜಾತಿ ಅಳೆಯುವುದೇ ಇಲ್ಲ, ಡಬ್ಬಿ ಓದಿ ತೀರ್ಪು ಕೊಡುತ್ತದೆ. ವಸಲ ಸುತ್ತದಲ್ಲಿ ಅಗ್ಗಿಕ ಭಾರದ್ವಾಜನೆಂಬ ಬ್ರಾಹ್ಮಣ ಬುದ್ಧರನ್ನು ದೂರದಿಂದಲೇ 'ವಸಲ' ಎಂದು ಹೀಗಳೆದು ತಡೆಯುತ್ತಾನೆ. ಬುದ್ಧರು ಕೋಪಿಸಿಕೊಳ್ಳದೆ, ವಸಲ ಯಾರೆಂದು ನಿನಗೆ ಗೊತ್ತೇ ಎಂದು ಕೇಳಿ, ಹುಟ್ಟನ್ನು ಬದಿಗಿಟ್ಟು ನಡತೆಯ ಮೂಲಕ ವಿವರಿಸುತ್ತಾರೆ.

ಆದರೆ ಇಷ್ಟಕ್ಕೇ ನಿಂತರೆ ಇನ್ನೊಂದು ಗುಂಡಿಗೆ ಬೀಳುತ್ತೇವೆ. "ಸರಿ, ಹುಟ್ಟು ಬೇಡ, ಅಳೆದೇ ಜಾಗ ಕೊಡೋಣ" ಎಂದು ಯಾರಾದರೂ ಅನ್ನಬಹುದು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ, ಗುಣ ನೋಡಿ ನಾಲ್ಕು ವರ್ಣ ಮಾಡೋಣ ಎಂದವರನ್ನೂ ಬಿಡಲಿಲ್ಲ. ಮನುಷ್ಯರ ಸಾಮರ್ಥ್ಯ ಬಗೆಬಗೆಯಾದದ್ದು, ಅದನ್ನು ನಾಲ್ಕು ಡಬ್ಬಿಗಳಲ್ಲಿ ತುಂಬಲಾಗದು ಎಂದು ತೋರಿಸಿದರು. ಗೇರ್ ಎಂದಿಗೂ ಗೇರೇ. ಅದು ಕಲಿಯುವುದಿಲ್ಲ, ಬೇಡ ಎನ್ನುವುದಿಲ್ಲ, ನಾಳೆ ಇನ್ನೊಂದಾಗಬೇಕು ಎಂದು ಆಸೆಪಡುವುದಿಲ್ಲ. ಮನುಷ್ಯ ಇವೆಲ್ಲವನ್ನೂ ಮಾಡುತ್ತಾನೆ. ಗೇರಿನ ಜಾಗವನ್ನು ಮೇಸ್ತ್ರಿ ನಿರ್ಧರಿಸಬಹುದು. ಮನುಷ್ಯನ ಜಾಗವನ್ನು ನಿರ್ಧರಿಸುವ ಮೇಸ್ತ್ರಿ ಯಾರೂ ಇಲ್ಲ. ಹಾಗೆಂದು ತಾವೇ ಹೇಳಿಕೊಂಡವರು ಮಾತ್ರ ಇದ್ದಾರೆ.

ಬೈಕು ಒಯ್ಯಲು ಬಂದ ದಿನ ಯಜಮಾನರಿಗೆ ಗೇರ್ ಲಿವರ್ ತೋರಿಸಿದೆ. ಯೆಜ್ಡಿಯಲ್ಲಿ ಗೇರ್ ಹಾಕುವ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತದೆ. "ಸಾರ್, ನಿಮ್ಮ ಗಾಡಿಯಲ್ಲೇ ಒಂದು ಕಬ್ಬಿಣ ಎರಡು ಕೆಲಸ ಮಾಡುತ್ತೆ. ಮನುಷ್ಯನಿಗೆ ಮಾತ್ರ ಯಾಕೆ ಹುಟ್ಟಿಗೊಂದೇ ಕೆಲಸ?" ಎಂದೆ. ಅವರು ಒಂದು ಗಳಿಗೆ ಲಿವರನ್ನೇ ನೋಡಿದರು. ದುಡ್ಡು ಕೊಟ್ಟು ಹೊರಟರು. ಒಪ್ಪಿದರೋ ಇಲ್ಲವೋ ತಿಳಿಯದು. ಆ ರಾತ್ರಿ ಮಗಳಿಗೆ ಹೇಳಲು ನನ್ನ ಬಳಿ ಮಾತಿತ್ತು.

ಬಂಧುಗಳೇ, ಇಂದು ನಾವು ನೋಡುವ ಮೊದಲ ಅಪರಿಚಿತರ ವಿಷಯದಲ್ಲಿ ಗಮನಿಸಿಕೊಳ್ಳೋಣ: ನಾವೂ ಡಬ್ಬಿ ಓದುತ್ತಿದ್ದೇವೆಯೇ?

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.